ಗುಂಡಿ ಒತ್ತಿದ ಕೈ, ಪೆನ್ಸಿಲ್ ಹಿಡಿದ ಕೈ

‘ಬ್ರದರ್ಸ್: ಎ ಟೇಲ್ ಆಫ್ ಟೂ ಸನ್ಸ್’ ಆಟದಲ್ಲಿ ಅಣ್ಣತಮ್ಮಂದಿರಿಬ್ಬರು ಕಾಯಿಲೆ ಬಿದ್ದ ಅಪ್ಪನಿಗೆ ಮದ್ದು ತರಲು ಹೊರಡುತ್ತಾರೆ. ಆಡಿಸುವವರು ಒಬ್ಬರೇ. ಕಂಟ್ರೋಲರಿನ ಎಡಗಡೆಯ ಕೋಲು ಅಣ್ಣನನ್ನು ನಡೆಸುತ್ತದೆ, ಬಲಗಡೆಯದು ತಮ್ಮನನ್ನು. ಶುರುವಿನಲ್ಲಿ ಎರಡು ಕೈಗಳಿಗೂ ತಾಳ ಕೂಡುವುದಿಲ್ಲ. ಅಣ್ಣ ಗೋಡೆಗೆ ಡಿಕ್ಕಿ ಹೊಡೆಯುತ್ತಾನೆ, ತಮ್ಮ ಎತ್ತಲೋ ಹೋಗುತ್ತಾನೆ. ಒಂದು ಗಂಟೆ ಕಳೆಯುವಷ್ಟರಲ್ಲಿ ಎಡಗೈಯೇ ಅಣ್ಣ, ಬಲಗೈಯೇ ತಮ್ಮ ಎನ್ನುವಷ್ಟು ಅಭ್ಯಾಸವಾಗಿರುತ್ತದೆ. ತಾಯಿ ನೀರಿನಲ್ಲಿ ಮುಳುಗಿದ್ದನ್ನು ಕಣ್ಣಾರೆ ಕಂಡ ತಮ್ಮನಿಗೆ ನೀರೆಂದರೆ ಜೀವಭಯ. ಹೊಳೆ ಎದುರಾದಾಗಲೆಲ್ಲ ಅಣ್ಣನ ಬೆನ್ನಿಗೆ ಆತುಕೊಂಡೇ ದಾಟುತ್ತಾನೆ. ಕಥೆಯ ಕೊನೆಯ ಭಾಗದಲ್ಲಿ ಅಣ್ಣ ಸಾಯುತ್ತಾನೆ. ಅವನನ್ನು ಹೂಳುವ ಕುಣಿಗೆ ಮಣ್ಣು ತಳ್ಳುವ ಕೆಲಸವನ್ನೂ ಆಟ ನಮ್ಮ ಬಲಗೈಯಿಂದಲೇ ಮಾಡಿಸುತ್ತದೆ. ಮದ್ದು ಹಿಡಿದು ಒಬ್ಬನೇ ಮರಳುವ ದಾರಿಯಲ್ಲಿ ಮತ್ತೆ ನೀರು. ಬಲಗೋಲನ್ನು ಎಷ್ಟು ತಳ್ಳಿದರೂ ಹುಡುಗ ದಡದಲ್ಲೇ ತಡವರಿಸುತ್ತಾನೆ. ಏನು ಮಾಡುವುದೆಂದು ತೋಚದೆ ಕೂತಿರುವಾಗ, ಇಷ್ಟು ಹೊತ್ತು ಕೆಲಸವಿಲ್ಲದೆ ಬಿದ್ದಿದ್ದ ಎಡಗೈ ತಾನಾಗಿ ಅಣ್ಣನ ಗುಂಡಿಯನ್ನು ಒತ್ತುತ್ತದೆ. ತಮ್ಮ ನೀರಿಗಿಳಿದು ಈಜುತ್ತಾನೆ.

ಈ ಆಟದ ಪಾತ್ರಗಳು ಆಡುವುದು ಲೋಕದಲ್ಲಿ ಎಲ್ಲೂ ಇಲ್ಲದ ಭಾಷೆ. ಮೊದಲಿನಿಂದ ಕೊನೆಯವರೆಗೆ ಅವರ ಒಂದು ಮಾತೂ ನಮಗೆ ತಿಳಿಯುವುದಿಲ್ಲ. 2013ರಲ್ಲಿ ಸ್ವೀಡನ್ನಿನ ಸ್ಟಾರ್‌ಬ್ರೀಜ್ ಸ್ಟುಡಿಯೊ ಮಾಡಿದ ಈ ಆಟವನ್ನು ನಿರ್ದೇಶಿಸಿದ ಜೋಸೆಫ್ ಫಾರೆಸ್ ಮೂಲತಃ ಸಿನಿಮಾದವರು. ಆದರೆ ಅವರ ಈ ದೃಶ್ಯವನ್ನು ಸಿನಿಮಾದಲ್ಲಿ ತೆಗೆಯಲು ಬರುವುದಿಲ್ಲ. ಅಣ್ಣನ ಬಲ ತಮ್ಮನ ಮೈಗೆ ಬಂದದ್ದನ್ನು ಕಣ್ಣು ಕಾಣುವುದಕ್ಕೆ ಮೊದಲು ಬೆರಳು ಕಂಡುಕೊಂಡಿರುತ್ತದೆ. ವಿಡಿಯೋ ಗೇಮ್‌ಗಳ ಭಾವಶಕ್ತಿಯ ಬಗ್ಗೆ ನಡೆಯುವ ಮಾತೆಲ್ಲ ಕೈಯಿಂದ ಶುರುವಾಗಬೇಕೆಂದು ನನಗೆ ಅನ್ನಿಸುವುದು ಇದಕ್ಕೇ. ಆಟ ಮುಗಿದ ಮೇಲೆ ಜಗತ್ತಿನ ಮೂಲೆಮೂಲೆಯಲ್ಲಿ ಲಕ್ಷಾಂತರ ಮಂದಿ ಆ ಪಾತ್ರಗಳನ್ನು ಕೂತು ಬಿಡಿಸುತ್ತಾರಲ್ಲ, ಆ ಅಭಿಮಾನಿ ಚಿತ್ರಗಳ ಬೇರೂ ಅಲ್ಲೇ ಇದೆ.

ಆಟಕ್ಕೆ ಮನಸ್ಸು ಕಲಕುವ ಶಕ್ತಿಯಿದೆಯೇ ಎಂಬ ಪ್ರಶ್ನೆ ಹಳೆಯದು. 1983ರಲ್ಲಿ, ಆಗಷ್ಟೇ ಹುಟ್ಟಿದ್ದ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ ಪತ್ರಿಕೆಗಳಲ್ಲಿ ಒಂದು ಜಾಹೀರಾತು ಹಾಕಿತು. ಕಂಪ್ಯೂಟರ್ ನಿಮಗೆ ಅಳು ತರಿಸಬಲ್ಲದೇ ಎಂಬುದೇ ಅದರ ತಲೆಬರಹ. ಜೊತೆಗಿದ್ದ ಕಪ್ಪುಬಿಳುಪು ಫೋಟೊದಲ್ಲಿ ಆಟ ಬರೆಯುವ ತರುಣರು ಸಂಗೀತಗಾರರ ತಂಡದ ಹಾಗೆ ಗಂಭೀರವಾಗಿ ಕೂತಿದ್ದರು. ಅದೇ ವರ್ಷ ಇನ್ಫೋಕಾಮ್ ಸಂಸ್ಥೆಯ ‘ಪ್ಲಾನೆಟ್‌ಫಾಲ್’ ಬಂತು. ಸ್ಟೀವ್ ಮೆರೆಟ್ಸ್ಕಿ ಬರೆದ ಆ ಆಟದಲ್ಲಿ ಚಿತ್ರವೇ ಇಲ್ಲ, ಪರದೆಯ ಮೇಲೆ ಬರೀ ಅಕ್ಷರ. ಮಗುವಿನಂಥ ಫ್ಲಾಯ್ಡ್ ಎಂಬ ರೋಬಾಟ್ ಆಡುವವರ ಹಿಂದೆಮುಂದೆ ಸುಳಿಯುತ್ತ ತಲೆ ತಿನ್ನುತ್ತಿರುತ್ತದೆ. ಒಂದು ಘಟ್ಟದಲ್ಲಿ ನಮಗೋಸ್ಕರ ಅಪಾಯದ ಕೋಣೆಗೆ ನುಗ್ಗಿ, ನಮ್ಮ ಮಡಿಲಲ್ಲೇ ಸಾಯುತ್ತದೆ. ಜಾಹೀರಾತು ಕೇಳಿದ ಪ್ರಶ್ನೆಗೆ ಆಗಲೇ ಉತ್ತರ ಸಿಕ್ಕಿತ್ತು. ಆದರೂ 2010ರಲ್ಲಿ ಅಮೆರಿಕದ ಹೆಸರಾಂತ ಸಿನಿಮಾ ವಿಮರ್ಶಕ ರೋಜರ್ ಈಬರ್ಟ್ ವಿಡಿಯೋ ಗೇಮ್ ಎಂದೂ ಕಲೆಯಾಗಲಾರದು ಎಂದು ಬರೆದು ದೊಡ್ಡ ಜಗಳಕ್ಕೆ ಕಾರಣರಾದರು. ಅದಕ್ಕೂ ಮೊದಲೇ ಅವರು ಕೊಟ್ಟಿದ್ದ ಒಂದು ಕಾರಣ ಯೋಚಿಸತಕ್ಕದ್ದು: ಕಲೆಯಲ್ಲಿ ಹಿಡಿತ ಕರ್ತೃವಿನ ಕೈಯಲ್ಲಿರಬೇಕು, ಆಟ ಅದನ್ನು ಆಡುವವರ ಕೈಗೆ ಬಿಟ್ಟುಕೊಡುತ್ತದೆ. ಅವರು ಕೊರತೆ ಎಂದು ಕಂಡದ್ದೇ ಆಟದ ಶಕ್ತಿ ಎನ್ನುವುದು ನನ್ನ ನಂಬಿಕೆ.

ನಮ್ಮ ಕಾವ್ಯಮೀಮಾಂಸೆ ಓದಿದವರಿಗೆ ಇಲ್ಲೊಂದು ಸ್ವಾರಸ್ಯವಿದೆ. ದುಃಖದ ನಾಟಕ ನೋಡಿ ಸಂತೋಷಪಡುವುದು ಹೇಗೆ ಎಂಬ ಪ್ರಶ್ನೆಗೆ ಭಟ್ಟನಾಯಕ ಕೊಟ್ಟ ಉತ್ತರ ಸಾಧಾರಣೀಕರಣ. ರಂಗದ ಮೇಲಿನ ಶೋಕ ನನ್ನದೂ ಅಲ್ಲ, ನಟನದೂ ಅಲ್ಲ, ಎಲ್ಲರದ್ದಾಗುತ್ತದೆ; ಅದಕ್ಕೇ ಅದು ರಸ. ಸಹೃದಯ ಒಂದಿಷ್ಟು ದೂರದಲ್ಲಿ ಕೂತಿರಬೇಕು ಎನ್ನುವುದು ಅದರ ಒಳಷರತ್ತು. ವಿಡಿಯೋ ಗೇಮ್ ಮೊದಲು ಮಾಡುವ ಕೆಲಸವೇ ಆ ದೂರವನ್ನು ಕಿತ್ತು ಹಾಕುವುದು. ಫುಮಿತೊ ಉಯೆದಾ ಅವರ ‘ಶ್ಯಾಡೊ ಆಫ್ ದಿ ಕೊಲೋಸಸ್’ನಲ್ಲಿ (2005) ಸತ್ತ ಹುಡುಗಿಯನ್ನು ಬದುಕಿಸಲು 16 ದೈತ್ಯರನ್ನು ಕೊಲ್ಲಬೇಕು. ಅವರಲ್ಲಿ ಹಲವರು ತಮ್ಮ ಪಾಡಿಗೆ ತಾವಿರುವವರು. ಒಬ್ಬೊಬ್ಬ ದೈತ್ಯ ನೆಲಕ್ಕೆ ಉರುಳುವಾಗಲೂ ಕೇಳಿಸುವುದು ವಿಜಯದ ವಾದ್ಯವಲ್ಲ, ಶೋಕದ ಸಂಗೀತ. ಆಗ ಆಡುವವರಿಗೆ ಆಗುವುದು ಬರೀ ಕರುಣೆಯಲ್ಲ. ‘ನಾನೇ ಮಾಡಿದೆ’ ಎಂಬ ಸಂಕಟ. ಸಿನಿಮಾ ನೋಡಿ ಅಳಬಹುದು, ಸಿಟ್ಟಾಗಬಹುದು, ಆದರೆ ತಪ್ಪಿತಸ್ಥರಾಗುವುದು ಹೇಗೆ? ಡ್ಯಾನಿಷ್ ವಿದ್ವಾಂಸ ಯೆಸ್ಪರ್ ಯೂಲ್ 2013ರ ‘ದಿ ಆರ್ಟ್ ಆಫ್ ಫೇಲ್ಯೂರ್’ ಪುಸ್ತಕದಲ್ಲಿ, ಕ್ಯಾಥರೀನ್ ಇಸ್ಬಿಸ್ಟರ್ 2016ರ ‘ಹೌ ಗೇಮ್ಸ್ ಮೂವ್ ಅಸ್’ ಪುಸ್ತಕದಲ್ಲಿ ಬೇರೆ ಬೇರೆ ದಾರಿಯಿಂದ ಬಂದು ಮುಟ್ಟುವುದು ಈ ಜಾಗವನ್ನೇ.

ಹಾಗೆ ತೀರಾ ಸ್ವಂತದ್ದಾದ ಸಂಕಟವನ್ನು ಆಮೇಲೆ ಏನು ಮಾಡುವುದು? ಆಟ ಮುಗಿದಿದೆ, ಒತ್ತಲು ಇನ್ನು ಗುಂಡಿಯಿಲ್ಲ. ಕೈ ಮಾತ್ರ ಇನ್ನೂ ಏನನ್ನೋ ಮಾಡಬೇಕೆಂದು ಹವಣಿಸುತ್ತದೆ. ಅಭಿಮಾನಿ ಚಿತ್ರ ಹುಟ್ಟುವುದು ಆ ಹವಣಿಕೆಯಲ್ಲಿ ಎಂದು ನನ್ನ ತಿಳಿವಳಿಕೆ. ಆಟ ನನ್ನೊಬ್ಬನ ಹೆಗಲಿಗೆ ಹೊರಿಸಿದ್ದನ್ನು ಚಿತ್ರ ಮತ್ತೆ ಎಲ್ಲರದ್ದಾಗಿಸುತ್ತದೆ. ಭಟ್ಟನಾಯಕ ರಂಗಮಂದಿರದ ಒಳಗೇ ನಡೆಯುತ್ತದೆಂದ ಕೆಲಸ ಇಲ್ಲಿ ಆಟದಿಂದ ಹೊರಗೆ ಬಂದ ಮೇಲೆ, ಕಾಗದದ ಮೇಲೆ ನಡೆಯುತ್ತದೆ.

ಇದಕ್ಕೆ ಅತಿ ದೊಡ್ಡ ಸಾಕ್ಷಿ ಏರಿತ್. 1997ರಲ್ಲಿ ಜಪಾನಿನ ಸ್ಕ್ವೇರ್ ಸಂಸ್ಥೆ ಹೊರತಂದ ‘ಫೈನಲ್ ಫ್ಯಾಂಟಸಿ 7’ ಮೂರು ಡಿಸ್ಕುಗಳ ಆಟ. ಹೂ ಮಾರುವ ಹುಡುಗಿ ಏರಿತ್ ಮೊದಲ ಡಿಸ್ಕಿನ ಕೊನೆಯಲ್ಲಿ ಸೆಫಿರೊತ್‌ನ ಕತ್ತಿಗೆ ಬಲಿಯಾಗುತ್ತಾಳೆ. ಅಷ್ಟರಲ್ಲಿ ಆಡುವವರು ಅವಳಿಗೆ ಗಂಟೆಗಟ್ಟಲೆ ಕಾಳಗ ಕಲಿಸಿರುತ್ತಾರೆ, ಒಳ್ಳೊಳ್ಳೆಯ ಆಯುಧ ಹುಡುಕಿ ಕೊಟ್ಟಿರುತ್ತಾರೆ. ಅವಳ ಪರಮ ವಿದ್ಯೆಯನ್ನು ಕಷ್ಟಪಟ್ಟು ಗಳಿಸಿಕೊಟ್ಟವರಿಗೆ ಅದನ್ನು ಮುಂದೆ ಬಳಸುವ ದಿನವೇ ಬರುವುದಿಲ್ಲ. ಅವಳು ಸತ್ತ ಮರುಕ್ಷಣ ಒಂದು ಯುದ್ಧವಿದೆ. ಯುದ್ಧದ ಅಬ್ಬರದ ಸಂಗೀತ ಬರಬೇಕಾದಲ್ಲಿ ನೊಬುವೊ ಉಯೆಮಾತ್ಸು ಅವಳಿಗೆಂದು ಮಾಡಿದ ಮೆಲುರಾಗವೇ ನಿಲ್ಲದೆ ಮುಂದುವರಿಯುತ್ತದೆ. ಕಣ್ಣು ಮಂಜಾಗಿದ್ದರೂ ಗುಂಡಿ ಒತ್ತುತ್ತಲೇ ಇರಬೇಕು. ಆ ಕಾಲದ ಹುಡುಗರು ಅವಳನ್ನು ಬದುಕಿಸುವ ಗುಟ್ಟಿನ ದಾರಿಯಿದೆ ಎಂದು ಪುಕಾರು ಹಬ್ಬಿಸಿದರು, ನಂಬಿ ಹುಡುಕಿದರು. ದಾರಿ ಇರಲಿಲ್ಲ. ಆಟದೊಳಗೆ ಸಿಗದ್ದನ್ನು ಚಿತ್ರಗಳು ಕೊಟ್ಟವು. ಏರಿತ್ ಹೂದೋಟದಲ್ಲಿ ಕೂತಿದ್ದಾಳೆ, ಏರಿತ್ ಗೆಳೆಯರ ನಡುವೆ ನಗುತ್ತಿದ್ದಾಳೆ, ಏರಿತ್‌ಗೆ ವಯಸ್ಸಾಗಿದೆ. ಸುಮಾರು ಮೂರು ದಶಕಗಳಿಂದ ಅವಳು ಹೀಗೆ ಬದುಕುತ್ತ ಬಂದಿದ್ದಾಳೆ.

ಇದು ಪರದೇಶದ ಹುಡುಗಾಟ ಎನ್ನುವವರು 2021ರ ಅಕ್ಟೋಬರ್ 29ರ ನಂತರದ ಬೆಂಗಳೂರನ್ನು ನೆನೆಯಬೇಕು. ನಟ ಪುನೀತ್ ರಾಜ್‌ಕುಮಾರ್ ತೀರಿಕೊಂಡ ವಾರದಲ್ಲೇ ಆಟೊಗಳ ಹಿಂದೆ, ಗೋಡೆಗಳ ಮೇಲೆ, ಫ್ಲೆಕ್ಸುಗಳಲ್ಲಿ ಮೋಡಗಳ ನಡುವೆ ತಂದೆ ಅಣ್ಣಾವ್ರ ಪಕ್ಕ ಅಪ್ಪು ನಗುತ್ತ ನಿಂತ ಚಿತ್ರಗಳು ಬಂದವು. ಯಾರೂ ಹೇಳಿ ಬರೆಸಿದ್ದಲ್ಲ. ಕಲಾಶಾಲೆ ಮೆಟ್ಟಿಲು ಹತ್ತದವರು ಬರೆದರು. ಕಣ್ಣು ಒಂದಕ್ಕೊಂದು ಸರಿಹೊಂದದ ಚಿತ್ರಗಳೂ ಇದ್ದವು, ಅವುಗಳ ಮುಂದೆಯೂ ಜನ ಹೂವಿಟ್ಟರು. ಆಡಿದ ಪಾತ್ರ ಮತ್ತು ಬದುಕಿದ್ದ ಮನುಷ್ಯ ಒಂದೇ ಅಲ್ಲ, ಆ ಎರಡು ದುಃಖಗಳನ್ನು ತಕ್ಕಡಿಗೆ ಹಾಕುವುದು ಸಲ್ಲ. ಆದರೆ ಆಗದೇ ಉಳಿದದ್ದನ್ನು ಬಣ್ಣದಲ್ಲಾದರೂ ಆಗಿಸುತ್ತೇನೆ ಎನ್ನುವ ಕೈಯ ಹಟ ಎರಡು ಕಡೆಯೂ ಒಂದೇ.

ಇತ್ತೀಚಿನ ದಶಕದಲ್ಲಿ ಈ ಹಟ ಅತಿ ಹೆಚ್ಚು ಕಂಡದ್ದು ‘ಅಂಡರ್‌ಟೇಲ್’ ಸುತ್ತ. 2015ರ ಸೆಪ್ಟೆಂಬರಿನಲ್ಲಿ ಬಂದ ಇದನ್ನು ಅಮೆರಿಕದ ಟೋಬಿ ಫಾಕ್ಸ್ ಹೆಚ್ಚುಕಡಿಮೆ ಒಬ್ಬರೇ ಕೂತು ಮಾಡಿದ್ದು. ಚಿತ್ರಗಳಿಗೆ ಟೆಮ್ಮಿ ಚಾಂಗ್ ನೆರವಾದರು. 2013ರಲ್ಲಿ ಜನರಿಂದ ಎತ್ತಿದ ಹಣ ಸುಮಾರು 51 ಸಾವಿರ ಡಾಲರ್. ದೊಡ್ಡ ಕಂಪನಿಗಳ ಲೆಕ್ಕದಲ್ಲಿ ಇದು ಚಿಲ್ಲರೆ. ಆಟದ ಚಿತ್ರಗಳಂತೂ ಬರೀ ಚೌಕ ಚೌಕ ಚುಕ್ಕಿಗಳು. ನೆಲದಡಿಯ ರಾಕ್ಷಸರ ಲೋಕಕ್ಕೆ ಬಿದ್ದ ಮಗುವನ್ನು ಮೊದಲು ಎತ್ತಿಕೊಳ್ಳುವವಳು ಟೊರಿಯೆಲ್ ಎಂಬ ಆಡುಮೊಗದ ತಾಯಿ. ಕೈ ಹಿಡಿದು ನಡೆಸುತ್ತಾಳೆ, ತಿಂಡಿ ಬೇಯಿಸಿಡುತ್ತಾಳೆ, ಹೊರಗೆ ಹೋದರೆ ಸಾಯುತ್ತೀಯ ಎಂದು ಬಾಗಿಲಿಗೆ ಅಡ್ಡ ನಿಲ್ಲುತ್ತಾಳೆ. ಅವಳೊಂದಿಗೆ ಕಾದಲೇಬೇಕು. ಬೇರೆ ಆಟಗಳ ಅಭ್ಯಾಸದಿಂದ ನಾವೇನು ಮಾಡುತ್ತೇವೆ? ಸ್ವಲ್ಪ ಹೊಡೆದು ಸುಸ್ತು ಮಾಡಿದರೆ ದಾರಿ ಬಿಟ್ಟಾಳು ಎಂದುಕೊಂಡು ಹೊಡೆಯುತ್ತೇವೆ. ಅವಳ ಶಕ್ತಿ ಒಂದು ಮಟ್ಟಕ್ಕಿಳಿದ ಮೇಲಿನ ಏಟು ಎಣಿಸಿದ್ದಕ್ಕಿಂತ ಎಷ್ಟೋ ಪಟ್ಟು ಜೋರಾಗಿ ಬಿದ್ದು, ಅವಳು ಸತ್ತೇಹೋಗುತ್ತಾಳೆ. ಗಾಬರಿಯಾಗಿ ಹಿಂದಿನ ಸೇವ್‌ಗೆ ಮರಳಿ, ಈ ಸಲ ‘ಬಿಟ್ಟುಬಿಡು’ ಎಂಬ ಆಯ್ಕೆಯನ್ನೇ ಮತ್ತೆ ಮತ್ತೆ ಒತ್ತಿ ಅವಳನ್ನು ಉಳಿಸಿಕೊಂಡರೆ, ಮುಂದಿನ ಕೋಣೆಯಲ್ಲಿ ಫ್ಲೋವಿ ಎಂಬ ಹೂವು ಕಾದಿರುತ್ತದೆ. ನೀನು ಮೊದಲು ಅವಳನ್ನು ಕೊಂದದ್ದು ನನಗೆ ಗೊತ್ತು ಎಂಬರ್ಥದ ಮಾತಾಡುತ್ತದೆ. ತಿದ್ದಿಕೊಂಡ ತಪ್ಪನ್ನೂ ಲೆಕ್ಕವಿಟ್ಟು ಕೇಳುವ ಆಟ ಅದು.

ನನ್ನ ಅಕ್ಕನ ಮಗಳು ಹೈಸ್ಕೂಲಿನಲ್ಲಿದ್ದಾಗ ಈ ಬಲೆಗೆ ಬಿದ್ದಳು. ಟೊರಿಯೆಲ್ ಸತ್ತ ಸಂಜೆ ಊಟ ಬಿಟ್ಟಳು. ಮಾರನೆ ದಿನ ಅವಳ ಗಣಿತದ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ನೀಲಿ ಬಾಲ್‌ಪೆನ್ನಿನ ಚಿತ್ರವಿತ್ತು. ಟೊರಿಯೆಲ್ ಒಲೆಯ ಮುಂದೆ ಕೂತಿದ್ದಾಳೆ, ಪಕ್ಕದಲ್ಲಿ ತಟ್ಟೆ. ಆಟದಲ್ಲಿ ಅವಳು ಮಾಡುವುದು ಬಟರ್‌ಸ್ಕಾಚ್ ಮತ್ತು ದಾಲ್ಚಿನ್ನಿಯ ಪೈ. ಪೈ ಎಂದರೆ ಹೇಗಿರುತ್ತದೋ ಇವಳು ಕಂಡಿರಲಿಲ್ಲ. ತಟ್ಟೆಯಲ್ಲಿ ಒಬ್ಬಟ್ಟು ಬರೆದು, ಮೇಲೆ ತುಪ್ಪದ ಒಂದು ತೊಟ್ಟನ್ನೂ ಬರೆದಿದ್ದಳು. ಒಲೆಯ ಮುಂದಿನ ಮಗುವಿಗೆ ಎರಡು ಜಡೆ. ಆಟದ ಮಗುವಿಗೆ ಜಡೆಯಿಲ್ಲ. ಅದು ಹುಡುಗನೋ ಹುಡುಗಿಯೋ ಎಂದೂ ಆಟ ಹೇಳುವುದಿಲ್ಲ, ಮುಖದಲ್ಲಿ ಕಣ್ಣಿಗೊಂದು ಗೆರೆ, ಬಾಯಿಗೊಂದು ಗೆರೆ ಅಷ್ಟೆ. ಆ ಖಾಲಿ ಮುಖದೊಳಗೆ ಇವಳು ಹೋಗಿ ಕೂತಿದ್ದಳು.

ಹೆಚ್ಚು ಚಿತ್ರ ಬರೆಸಿಕೊಳ್ಳುವ ಆಟಗಳು ಹೆಚ್ಚು ಖಾಲಿ ಜಾಗ ಬಿಡುತ್ತವೆ ಎಂಬ ಮಾತಿದೆ, ಅದರಲ್ಲಿ ಹುರುಳಿದೆ. ಮುಖ ಸರಳವಾದಷ್ಟೂ ಓದುಗ ಅದರೊಳಗೆ ತನ್ನನ್ನು ಕಾಣುತ್ತಾನೆ ಎಂದು ಸ್ಕಾಟ್ ಮೆಕ್ಲೌಡ್ 1993ರಲ್ಲೇ ಕಾಮಿಕ್ಸ್ ಕುರಿತು ವಾದಿಸಿದ್ದರು. ಆಸ್ಟ್ರೇಲಿಯಾದ ಅಡಿಲೇಡಿನ ಪುಟ್ಟ ತಂಡ ಮಾಡಿದ ‘ಹಾಲೊ ನೈಟ್’ (2017) ಆಟದ ನಾಯಕನಿಗೆ ಬಾಯಿಲ್ಲದ ಬಿಳಿ ಮುಖವಾಡ, ಎರಡು ಕೊಂಬು, ಎರಡು ಕಪ್ಪು ಕಣ್ಣು. ಆರು ಗೆರೆಯಲ್ಲಿ ಮಗುವೂ ಬರೆಯಬಹುದು. ಜಪಾನಿನಲ್ಲಿ ಅಭಿಮಾನಿ ಚಿತ್ರಗಳ ಬೆಳೆ ಇನ್ನೂ ಹಳೆಯದು. ಅಭಿಮಾನಿಗಳು ತಾವೇ ಬರೆದು ಅಚ್ಚು ಹಾಕಿಸಿದ ಪುಸ್ತಕಗಳ ಸಂತೆ ‘ಕಾಮಿಕೆಟ್’ 1975ರ ಡಿಸೆಂಬರಿನಲ್ಲಿ ಟೋಕಿಯೊದಲ್ಲಿ 32 ಗುಂಪುಗಳಿಂದ, ಸುಮಾರು 700 ಜನರಿಂದ ಶುರುವಾಗಿ, ಮುಂದೆ ಲಕ್ಷಗಟ್ಟಲೆ ಜನ ಸೇರುವ ಜಾತ್ರೆಯಾಯಿತು. ಜುನ್ ಎಂಬ ಹೆಸರಿನಲ್ಲಿ ಒಬ್ಬರೇ ಕೂತು ಕಟ್ಟಿದ ‘ತೋಹೊ’ ಆಟಗಳು ಬೆಳೆದದ್ದು ಆ ಜಾತ್ರೆಯಲ್ಲಿ. ಅವರು ತಮ್ಮ ಪಾತ್ರಗಳನ್ನು ಬಳಸಿಕೊಳ್ಳಲು ಅಭಿಮಾನಿಗಳಿಗೆ ಧಾರಾಳವಾಗಿ ಬಿಟ್ಟರು. ಅವರ 1998ರ ಆಟದ ಒಂದು ರಾಗವನ್ನು ಅಭಿಮಾನಿಗಳು ಹಾಡಾಗಿಸಿದರು, ಆ ಹಾಡಿಗೆ ಬೇರೆ ಅಭಿಮಾನಿಗಳು 2009ರಲ್ಲಿ ಕಪ್ಪುಬಿಳುಪು ನೆರಳಿನ ಚಿತ್ರ ಮಾಡಿದರು. ‘ಬ್ಯಾಡ್ ಆಪಲ್’ ಎಂಬ ಅದನ್ನು ನೋಡಿದ ಎಷ್ಟೋ ಮಂದಿಗೆ ಮೂಲ ಆಟದ ಪರಿಚಯವೇ ಇಲ್ಲ.

ಖಾಲಿ ಜಾಗದ ಈ ವಾದಕ್ಕೆ ಅಡ್ಡ ನಿಲ್ಲುವ ಆಟವೊಂದಿದೆ. 2018ರ ‘ರೆಡ್ ಡೆಡ್ ರಿಡೆಂಪ್ಶನ್ 2’ರಲ್ಲಿ ಖಾಲಿ ಎನ್ನುವ ಜಾಗವೇ ಇಲ್ಲ. ಕುದುರೆಯ ಬೆವರು, ಕೆಸರಿನಲ್ಲಿ ಹೂತ ಬೂಟು, ಎಲ್ಲವೂ ಕಣ್ಣಿಗೆ ಕಟ್ಟುವಂತಿದೆ. ಆದರೂ ಅದರ ನಾಯಕ ಆರ್ಥರ್ ಮಾರ್ಗನ್‌ನನ್ನು ಬರೆದು ಮುಗಿಸಿದವರಿಲ್ಲ. ಸಾಲ ವಸೂಲಿಗೆ ಹೋದಾಗ ಒಬ್ಬ ಬಡಪಾಯಿಯನ್ನು ಹೊಡೆಯಬೇಕು. ಹೊಡೆಯುವುದು ನಮ್ಮ ಬೆರಳು. ಆತ ಕೆಮ್ಮುತ್ತಾನೆ. ಹತ್ತಾರು ಗಂಟೆಗಳ ಆಟದ ನಂತರ ಆರ್ಥರ್ ಕೆಮ್ಮತೊಡಗುತ್ತಾನೆ, ಅದು ಕ್ಷಯ, ಬಂದದ್ದು ಆ ಹೊಡೆತದ ದಿನ. ಒರಟನಾದ ಈ ಮನುಷ್ಯ ಜೇಬಿನ ಪುಸ್ತಕದಲ್ಲಿ ಚಿತ್ರ ಬರೆಯುತ್ತಾನೆ. ಕಂಡ ಹಕ್ಕಿ, ಜಿಂಕೆ, ಹಳೆಯ ಚರ್ಚು, ಪ್ರೀತಿಸಿದ ಹೆಂಗಸು, ಎಲ್ಲವೂ ಪೆನ್ಸಿಲ್ಲಿನಲ್ಲಿ, ಪಕ್ಕದಲ್ಲಿ ಯಾರ ಮುಂದೆಯೂ ಆಡದ ಮಾತು. ಅವನು ಸತ್ತ ಮೇಲೆ ಆ ಪುಸ್ತಕ ಗೆಳೆಯ ಜಾನ್‌ನ ಕೈಗೆ ಹೋಗುತ್ತದೆ, ಅವನೂ ಬರೆಯತೊಡಗುತ್ತಾನೆ. ಜಾನ್‌ನ ಗೆರೆ ಒಡ್ಡು. ಕುದುರೆ ಕುದುರೆಯಂತಿರುವುದಿಲ್ಲ, ಆದರೂ ಬಿಡದೆ ಬರೆಯುತ್ತಾನೆ. ಸತ್ತವನ ಪುಸ್ತಕದಲ್ಲಿ ಉಳಿದ ಪುಟಗಳನ್ನು ತುಂಬುವ ಅಭಿಮಾನಿ ಕಲಾವಿದ ಆಟದೊಳಗೇ ಇದ್ದಾನೆ. ಹೊರಗಿನವರು ಆರ್ಥರ್‌ನನ್ನು ಅವನದೇ ಪೆನ್ಸಿಲ್ ಶೈಲಿಯಲ್ಲಿ ಬರೆಯುವುದನ್ನು ಕಂಡಾಗ ನನಗೆ ಜಾನ್ ನೆನಪಾಗುತ್ತಾನೆ.

ಈ ಆಟಕ್ಕೆ ದುಡಿದ ರಾಕ್‌ಸ್ಟಾರ್ ಸಂಸ್ಥೆಯ ಶಾಖೆಗಳಲ್ಲಿ ಬೆಂಗಳೂರಿನದೂ ಒಂದು. ಅದೇ ಸಂಸ್ಥೆ 2019ರಲ್ಲಿ ಕೊಂಡದ್ದು ಬೆಂಗಳೂರಿನ ಧ್ರುವ ಇಂಟರ್‍ಯಾಕ್ಟಿವ್ ಅನ್ನು. 1997ರಲ್ಲಿ ರಾಜೇಶ್ ರಾವ್ ಕಟ್ಟಿದ, ದೇಶದ ಮೊದಮೊದಲ ಆಟದ ಕಂಪನಿ ಅದು. ಮಾರಿದವರು ಯಾರೆಂದರೆ, ಆ ಅಣ್ಣತಮ್ಮಂದಿರ ಆಟ ಮಾಡಿದ ಸ್ಟಾರ್‌ಬ್ರೀಜ್. ಜಗತ್ತು ಕಣ್ಣೀರಿಟ್ಟ ಆಟಗಳ ಮರ, ಕಾರು, ಗೋಡೆಗಳನ್ನು ನಮ್ಮ ಊರಿನ ಕೈಗಳು ವರ್ಷಗಳಿಂದ ಬರೆಯುತ್ತ ಬಂದಿವೆ, ಕಥೆ ಮಾತ್ರ ಬೇರೆಯವರದು. ಅದು ಬದಲಾಗುವ ಸೂಚನೆಗಳಿವೆ. ಪುಣೆಯ ನಾಡಿಂಗ್ ಹೆಡ್ಸ್ ತಂಡದ ‘ರಾಜಿ’ (2020) ಕಳೆದುಹೋದ ತಮ್ಮನನ್ನು ಹುಡುಕುವ ಅಕ್ಕನ ಕಥೆ, ನಡುನಡುವೆ ತೊಗಲುಗೊಂಬೆಯಾಟವನ್ನು ನೆನಪಿಸುವ ದೃಶ್ಯಗಳು. ಟೊರಾಂಟೊದಲ್ಲಿ ತಯಾರಾದ ‘ವೆಣ್ಬಾ’ (2023) ಅದಕ್ಕಿಂತ ಆಳಕ್ಕಿಳಿಯಿತು. ಕೆನಡಾಕ್ಕೆ ವಲಸೆ ಹೋದ ತಮಿಳು ತಾಯಿ, ದೂರವಾಗುತ್ತಿರುವ ಮಗ, ತವರಿನಿಂದ ತಂದ, ಅಲ್ಲಲ್ಲಿ ಹರಿದು ಅಳಿಸಿದ ಅಡುಗೆ ಪುಸ್ತಕ. ನಮಗೆ ಸಿಗುವ ಮೊದಲ ಕೆಲಸ ಇಡ್ಲಿ ಬೇಯಿಸುವುದು, ತಟ್ಟೆಗಳನ್ನು ಹಬೆಯಾಡುವಂತೆ ಜೋಡಿಸುವುದು. ಹೊರನಾಡಿನ ಕನ್ನಡ ತಾಯಂದಿರು ಇದನ್ನು ತಮ್ಮದೇ ಕಥೆ ಎಂದರೆ ಆಶ್ಚರ್ಯವಿಲ್ಲ. 2024ರಲ್ಲಿ ಇದಕ್ಕೆ ಬಾಫ್ಟಾದ ಚೊಚ್ಚಲ ಆಟದ ಪ್ರಶಸ್ತಿ ಬಂತು.

ಅಭಿಮಾನಿ ಚಿತ್ರ ಬರೆದವರಿಗೆ ಅದರ ಮೇಲೆ ಹಕ್ಕೇನು ಎಂಬ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಕಾನೂನಿನ ಕಣ್ಣಿನಲ್ಲಿ ಪಾತ್ರ ಕಂಪನಿಯದು, ಅಭಿಮಾನಿ ಅದರ ದಯೆಯಲ್ಲಿರುವವನು. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯೂ ರೂಪಾಂತರದ ಹಕ್ಕನ್ನು ಮೂಲ ಕೃತಿಯ ಸ್ವಾಮ್ಯ ಇದ್ದವರಿಗೇ ಕೊಡುತ್ತದೆ. ‘ಮೆಟ್ರಾಯ್ಡ್ 2’ ಆಟವನ್ನು ಪ್ರೀತಿಯಿಂದ ಹೊಸದಾಗಿ ಕಟ್ಟಿ 2016ರ ಆಗಸ್ಟಿನಲ್ಲಿ ಪುಕ್ಕಟೆ ಹಂಚಿದ ಅರ್ಜೆಂಟೀನಾದ ಮಿಲ್ಟನ್ ಗ್ವಾಸ್ತಿ, ನಿಂಟೆಂಡೊ ಹೇಳಿದ್ದರಿಂದ ಕೆಲವೇ ದಿನಗಳಲ್ಲಿ ಅದನ್ನು ತೆಗೆಯಬೇಕಾಯಿತು. ಅದೇ ಕೆಲಸ ನೋಡಿದ ಇನ್ನೊಂದು ಸ್ಟುಡಿಯೊ ಅವರನ್ನು ‘ಓರಿ’ ಸರಣಿಯ ಎರಡನೇ ಆಟಕ್ಕೆ ಕರೆಸಿಕೊಂಡಿತು. ಸೆಗಾ ಕಂಪನಿಯಂತೂ 2017ರ ‘ಸಾನಿಕ್ ಮೇನಿಯಾ’ವನ್ನು ಅಭಿಮಾನಿ ಆಟಗಳಿಂದ ಬೆಳೆದುಬಂದವರ ಕೈಗೇ ಒಪ್ಪಿಸಿತು. ಟೋಬಿ ಫಾಕ್ಸ್ ಕೂಡ ಹದಿಹರೆಯದಲ್ಲಿ ಜಪಾನಿನ ‘ಅರ್ಥ್‌ಬೌಂಡ್’ ಆಟದ ಅಭಿಮಾನಿಗಳ ನಡುವೆ ಕೈ ಪಳಗಿಸಿಕೊಂಡವರು. ಮುಂದಿನ ಕಲಾವಿದರು ಅಭಿಮಾನಿಗಳ ನಡುವಿನಿಂದಲೇ ಎದ್ದು ಬರುತ್ತಿರುವಾಗ ಅವರನ್ನು ಕಳ್ಳರಂತೆ ನೋಡುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ಈಗ ಹೊಸ ಗಾಯವೊಂದಿದೆ. ಇವರ ಚಿತ್ರಗಳನ್ನು ಕೇಳದೆ ನುಂಗಿ ಚಿತ್ರ ಉಗುಳುವ ಯಂತ್ರಗಳು ಬಂದಿವೆ. 2022ರ ಡಿಸೆಂಬರಿನಲ್ಲಿ ಆರ್ಟ್‌ಸ್ಟೇಷನ್ ತಾಣದ ಕಲಾವಿದರು ತಮ್ಮ ಪುಟಗಳ ತುಂಬ ಅವುಗಳ ವಿರುದ್ಧದ ಫಲಕವನ್ನೇ ಹಾಕಿ ಪ್ರತಿಭಟಿಸಿದರು. ಯಂತ್ರಕ್ಕೆ ಟೊರಿಯೆಲ್‌ಳನ್ನು ಚೆಂದ ಬರೆಯಲು ಬರುತ್ತದೆ. ಆದರೆ ಅದು ಅವಳನ್ನು ಕೊಂದಿಲ್ಲ.

ಆಟ ಮತ್ತು ಚಿತ್ರದ ನಡುವಿನ ಗೋಡೆ ಕರಗಿಹೋದ ಎರಡು ಆಟಗಳು ನನಗೆ ಗೊತ್ತು. ಮೊದಲನೆಯದು ‘ದಟ್ ಡ್ರ್ಯಾಗನ್, ಕ್ಯಾನ್ಸರ್’. ಅಮೆರಿಕದ ರಯಾನ್ ಮತ್ತು ಏಮಿ ಗ್ರೀನ್ ದಂಪತಿ, ಕ್ಯಾನ್ಸರ್ ಬಂದ ತಮ್ಮ ಮಗ ಜೋಯೆಲ್‌ನ ಬಗ್ಗೆ ಮಾಡತೊಡಗಿದ ಆಟ. ಅದು ಮುಗಿಯುವ ಮುನ್ನವೇ, 2014ರಲ್ಲಿ, ಐದು ವರ್ಷದ ಜೋಯೆಲ್ ತೀರಿಕೊಂಡ. ಆಟ 2016ರಲ್ಲಿ ಬಂತು. ಆಸ್ಪತ್ರೆಯ ಕೋಣೆಯಲ್ಲಿ ಮಗು ಅಳುತ್ತಿರುತ್ತದೆ, ಅಪ್ಪ ಏನು ಮಾಡಿದರೂ ನಿಲ್ಲುವುದಿಲ್ಲ, ನಾವು ಯಾವ ಗುಂಡಿ ಒತ್ತಿದರೂ ನಿಲ್ಲುವುದಿಲ್ಲ. ಇನ್ನೊಂದು ದೃಶ್ಯದಲ್ಲಿ ಆಸ್ಪತ್ರೆಯ ಉದ್ದಕ್ಕೂ ಕಾರ್ಡುಗಳು, ಬರೆದ ಚಿತ್ರಗಳು. ಆಟಕ್ಕೆ ಹಣ ಕೊಟ್ಟ ಜನ, ಇದೇ ರೋಗಕ್ಕೆ ತುತ್ತಾದ ತಮ್ಮವರ ನೆನಪಿಗೆ ಕಳಿಸಿದವು. ಒಂದೊಂದನ್ನೂ ನಿಂತು ಓದಬಹುದು.

ಎರಡನೆಯದು ‘ಜರ್ನಿ’. ಶಾಂಘೈಯಿಂದ ಅಮೆರಿಕಕ್ಕೆ ಹೋದ ಜೆನೋವಾ ಚೆನ್ ಮತ್ತು ಗೆಳೆಯರು 2012ರಲ್ಲಿ ಮಾಡಿದ್ದು. ಕೆಂಪು ನಿಲುವಂಗಿಯ ಯಾತ್ರಿಕರಾಗಿ ಮರಳುಗಾಡು ದಾಟಿ ಬೆಟ್ಟದ ತುದಿಯ ಬೆಳಕಿನತ್ತ ನಡೆಯುತ್ತೇವೆ. ದಾರಿಯಲ್ಲಿ ಜಗತ್ತಿನ ಯಾವುದೋ ಮೂಲೆಯ ಇನ್ನೊಬ್ಬ ಯಾತ್ರಿಕ ಜೊತೆಯಾಗಬಹುದು. ಹೆಸರು ಕಾಣುವುದಿಲ್ಲ, ಮಾತಿಲ್ಲ, ಹಕ್ಕಿಯಂತೆ ಉಲಿಯಬಹುದು ಅಷ್ಟೆ. ಹಿಮದ ಗಾಳಿಯಲ್ಲಿ ಒಬ್ಬರಿಗೊಬ್ಬರು ತಾಗಿ ನಿಂತರೆ ಇಬ್ಬರ ಶಾಲಿಗೂ ಕಾವು ಬರುತ್ತದೆ. ಕೊನೆಗೆ ಎಲ್ಲ ದಾಟಿ ಬೆಳಕಿನ ಬಾಯಿಗೆ ಬಂದಾಗ, ಒಳಗೆ ಹೆಜ್ಜೆಯಿಟ್ಟರೆ ಮುಗಿಯಿತು, ಮತ್ತೆ ಈ ಜೊತೆಗಾರ ಸಿಗಲಾರ. ಅಲ್ಲಿ ಎಷ್ಟೋ ಯಾತ್ರಿಕರು ತಡೆದು ನಿಲ್ಲುತ್ತಾರೆ. ಹಾಗೆ ಮಾಡಿ ಎಂದು ಆಟ ಎಲ್ಲೂ ಹೇಳುವುದಿಲ್ಲ. ನಿಂತವರು ಹಿಮದಲ್ಲಿ ಹಿಂದಕ್ಕೂ ಮುಂದಕ್ಕೂ ನಡೆಯುತ್ತ, ಕಾಲಿನ ಗೀರಿನಿಂದಲೇ ಒಂದು ಹೃದಯದ ಆಕಾರ ಬರೆಯುತ್ತಾರೆ. ಜೊತೆಗಾರ ನೋಡುತ್ತ ನಿಂತು, ಪಕ್ಕದಲ್ಲಿ ತಾನೂ ಒಂದು ಬರೆಯುತ್ತಾನೆ. ಆಮೇಲೆ ಇಬ್ಬರೂ ಬೆಳಕಿನೊಳಗೆ ಹೋಗುತ್ತಾರೆ. ಪರದೆ ಬೆಳ್ಳಗಾಗಿ, ಎಲ್ಲ ಮುಗಿದ ಮೇಲೆ, ದಾರಿಯಲ್ಲಿ ಸಿಕ್ಕವರ ಹೆಸರುಗಳು ಮೊದಲ ಸಲ ಕಾಣಿಸುತ್ತವೆ.